ಲಾಡಿಹುಳುವೂ ಕೋಶಕ್ರಿಮಿಯೂ: ಶಬ್ದವಿವೇಕ ಮತ್ತು ರೋಗವಿವೇಕ

೧. ಶಬ್ದವಿಚಾರ

ಒಂದೇ ಹೆಸರು ಎರಡು ವಸ್ತುಗಳಿಗೆ ಸಂದಾಗ ವಿಚಾರದಲ್ಲಿ ಸಂಕರವುಂಟಾಗುವುದು ಶಬ್ದಶಾಸ್ತ್ರವನ್ನು ಬಲ್ಲವರಿಗೆ ತಿಳಿದ ಸಂಗತಿಯೇ. ಕಾವ್ಯದಲ್ಲಿ ಅದು ಶ್ಲೇಷವೆನಿಸಿಕೊಂಡು ಸೊಗಸನ್ನು ಕೊಡಬಹುದು. ವೈದ್ಯದಲ್ಲಿ ಅದೇ ದೋಷವಾಗಿ ಪ್ರಾಣಕ್ಕೆ ಎರವಾಗಬಹುದು. ಕನ್ನಡದಲ್ಲಿ ‘ಲಾಡಿಹುಳು’ ಎಂಬ ಮಾತು ಈಗ ಇಂಥ ಸ್ಥಿತಿಯಲ್ಲಿದೆ. ಕರುಳಿನಲ್ಲಿ ವಾಸಿಸುವ ಉದ್ದನೆಯ ಹುಳುವನ್ನೂ ಮಿದುಳಿನಲ್ಲಿ ಕೂತು ಅಪಸ್ಮಾರವನ್ನು ತರುವ ಗುಳ್ಳೆಯನ್ನೂ ಜನರು ಈ ಒಂದೇ ಹೆಸರಿನಿಂದ ಕರೆಯುತ್ತಾರೆ. ಇವೆರಡೂ ಒಂದೇ ಜೀವಿಯ ಎರಡು ಅವಸ್ಥೆಗಳೆಂಬುದು ನಿಜ. ಆದರೆ ಇವು ಮನುಷ್ಯನ ದೇಹವನ್ನು ಸೇರುವ ದಾರಿ ಬೇರೆ, ಮಾಡುವ ಕೇಡು ಬೇರೆ, ತಡೆಯುವ ಉಪಾಯವೂ ಬೇರೆ. ಈ ಭೇದವನ್ನು ತಿಳಿಯದುದರಿಂದ ಆಗುತ್ತಿರುವ ಹಾನಿಯನ್ನು ತೋರಿಸಿ, ಈ ಕ್ರಿಮಿಯನ್ನು ಪ್ರಯೋಗಶಾಲೆಯಲ್ಲಿ ಹೇಗೆ ಎಚ್ಚರದಿಂದ ನಿರ್ವಹಿಸಬೇಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈ ಪತ್ರಿಕೆಯ ವಾಚಕರು ಬಹುಮಟ್ಟಿಗೆ ಸಾಹಿತ್ಯಾಭ್ಯಾಸಿಗಳು. ಆದರೂ ಈ ವಿಷಯವನ್ನು ಅವರ ಮುಂದಿಡುವುದಕ್ಕೆ ಎರಡು ಕಾರಣಗಳುಂಟು. ಸರಿಯಾದ ಪರಿಭಾಷೆಯನ್ನು ನೆಲೆಗೊಳಿಸುವುದು ವಿದ್ವಾಂಸರ ಕೆಲಸವೆಂಬುದು ಮೊದಲನೆಯದು. ಅಧ್ಯಾಪಕರ ಮಾತು ಮಕ್ಕಳ ಮೂಲಕ ಮನೆಮನೆಯನ್ನೂ ಮುಟ್ಟುತ್ತದೆಂಬುದು ಎರಡನೆಯದು. ಬೆಂಗಳೂರಿನ ಹೊರವಲಯಗಳಾದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಈ ಮಾತಿಗೆ ವಿಶೇಷವಾದ ಅಗತ್ಯವುಂಟೆಂಬುದು ಮುಂದೆ ವಿಶದವಾಗುವುದು.

ಮೊದಲು ಹೆಸರುಗಳನ್ನು ನೋಡೋಣ. ಈ ಜೀವಿಗೆ ೧೭೫೮ರಲ್ಲಿ ಲಿನ್ನೇಯಸ್ ಎಂಬ ಸ್ವೀಡನ್ ದೇಶದ ಪಂಡಿತನು ಇಟ್ಟ ಶಾಸ್ತ್ರೀಯ ನಾಮ ‘ಟೀನಿಯಾ ಸೋಲಿಯಂ’. ‘ಟೀನಿಯಾ’ ಎಂದರೆ ಗ್ರೀಕ್ ಮೂಲದಿಂದ ಲ್ಯಾಟಿನ್ನಿಗೆ ಬಂದ ಮಾತು. ಪಟ್ಟಿ, ರಿಬ್ಬನ್ನು ಎಂದು ಅರ್ಥ. ಕನ್ನಡದ ‘ಲಾಡಿ’ಯೂ ಉಡುಪನ್ನು ಬಿಗಿಯುವ ಪಟ್ಟಿಯೇ. ಸಂಸ್ಕೃತದಲ್ಲಿಯೂ ಇದಕ್ಕೆ ಸಮೀಪವಾದ ಉಪಮಾನವು ದೊರೆಯುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳನ್ನು ಮಲಜ, ಶೋಣಿತಜ, ಶ್ಲೇಷ್ಮಜ, ಪುರೀಷಜ ಎಂದು ನಾಲ್ಕು ವರ್ಗ ಮಾಡಿ ಹೇಳಿದೆ. ಶ್ಲೇಷ್ಮಜ ಕ್ರಿಮಿಗಳ ಆಕಾರವನ್ನು ವರ್ಣಿಸುವಲ್ಲಿ ‘ಪೃಥುಬ್ರಧ್ನ’ವೆಂಬ ಹೋಲಿಕೆ ಬರುತ್ತದೆ. ಅಗಲವಾದ ಪಟ್ಟಿಯಂಥದು ಎಂದು ಇದಕ್ಕೆ ಅರ್ಥಮಾಡಿ, ಲಾಡಿಹುಳುವೇ ಇಲ್ಲಿ ವಿವಕ್ಷಿತವೆಂದು ಹೇಳುವ ವಿದ್ವಾಂಸರುಂಟು. ಅಥರ್ವವೇದದ ಎರಡನೆಯ ಮತ್ತು ಐದನೆಯ ಕಾಂಡಗಳಲ್ಲಿಯೂ ಕ್ರಿಮಿನಾಶನದ ಸೂಕ್ತಗಳಿವೆ. ಹೀಗೆ ಬೇರೆಬೇರೆ ದೇಶದವರು ಒಂದೇ ಹುಳುವನ್ನು ಕಂಡು ಒಂದೇ ಬಗೆಯ ಉಪಮೆಯನ್ನು ಹಿಡಿದುದು ಸಹಜವಾಗಿದೆ. ಆ ಆಕಾರವು ಬರಿಗಣ್ಣಿಗೇ ಕಾಣುವಂಥದು.

ಆದರೆ ಇಷ್ಟರಿಂದ ಪ್ರಾಚೀನರಿಗೆ ಸರ್ವವೂ ತಿಳಿದಿತ್ತೆಂದು ಹೇಳುವುದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ಅವರು ಹುಳುವನ್ನು ಕಂಡಿದ್ದರು. ಅದರ ಮೊಟ್ಟೆಯನ್ನು ಕಂಡಿರಲಿಲ್ಲ. ಆ ಮೊಟ್ಟೆಯ ವ್ಯಾಸ ಒಂದು ಮಿಲಿಮೀಟರಿನ ಸಾವಿರದಲ್ಲಿ ೩೦ರಿಂದ ೩೫ ಪಾಲು ಮಾತ್ರ. ಸೂಕ್ಷ್ಮದರ್ಶಕವಿಲ್ಲದೆ ಅದು ಗೋಚರವಾಗದು. ಗ್ರೀಕರ ಸ್ಥಿತಿಯೂ ಇದೇ. ಅರಿಸ್ಟಾಟಲನು ತನ್ನ ಪ್ರಾಣಿಶಾಸ್ತ್ರಗ್ರಂಥದಲ್ಲಿ ಹಂದಿಯ ಮಾಂಸದೊಳಗೆ ಕಾಣುವ ಬಿಳಿಯ ಗುಳ್ಳೆಗಳನ್ನು ಆಲಿಕಲ್ಲಿಗೆ ಹೋಲಿಸಿದ್ದಾನೆ. ಆ ಗುಳ್ಳೆಗೂ ಮನುಷ್ಯನ ಕರುಳಿನ ಹುಳುವಿಗೂ ಇರುವ ಸಂಬಂಧವು ಅವನಿಗೆ ತಿಳಿದಿರಲಿಲ್ಲ. ಆ ಸಂಬಂಧವು ಸಿದ್ಧವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೫೫ರಲ್ಲಿ ಕುಕೆನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯನು ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ ಇಂಥ ಗುಳ್ಳೆಗಳನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಿ, ಅವನ ಮರಣಾನಂತರ ಕರುಳನ್ನು ಪರೀಕ್ಷಿಸಿ, ಅಲ್ಲಿ ಎಳೆಯ ಲಾಡಿಹುಳುಗಳು ಬೆಳೆದಿದ್ದುದನ್ನು ಕಂಡನು. ಧರ್ಮದೃಷ್ಟಿಯಿಂದ ಈ ಪ್ರಯೋಗವು ನಿಂದ್ಯವೇ ಆಗಿದ್ದರೂ ಅದರಿಂದ ಹೊರಪಟ್ಟ ತತ್ತ್ವವು ಇಂದಿಗೂ ನಿಂತಿದೆ.

ಈ ಗುಳ್ಳೆಗೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ಸಿಸ್ಟಿಸರ್ಕಸ್’. ಕೋಶವೆಂಬ ಅರ್ಥದ ಒಂದು ಗ್ರೀಕ್ ಶಬ್ದವೂ ಬಾಲವೆಂಬ ಅರ್ಥದ ಇನ್ನೊಂದೂ ಸೇರಿ ಈ ಪದವಾಗಿದೆ. ಇದಕ್ಕೆ ಕನ್ನಡದಲ್ಲಿ ‘ಕೋಶಕ್ರಿಮಿ’ಯೆಂಬ ಹೆಸರನ್ನು ಈ ಲೇಖನದಲ್ಲಿ ಬಳಸಲಾಗುವುದು. ಕರುಳಿನಲ್ಲಿರುವ ಬೆಳೆದ ಹುಳುವಿಗೆ ಮಾತ್ರ ‘ಲಾಡಿಹುಳು’ ಎನ್ನುವುದು. ಮಾಂಸಖಂಡ, ಕಣ್ಣು, ಮಿದುಳುಗಳಲ್ಲಿ ನೆಲಸುವ ಗುಳ್ಳೆಗೆ ‘ಕೋಶಕ್ರಿಮಿ’ಯೆನ್ನುವುದು. ಇದು ಮೊದಲನೆಯ ವಿವೇಕ.

೨. ಕ್ರಿಮಿಯ ಜೀವನಚಕ್ರ

ಲಾಡಿಹುಳುವು ಮನುಷ್ಯನ ಸಣ್ಣಕರುಳಿನಲ್ಲಿ ವಾಸಿಸುತ್ತದೆ. ಅದರ ಉದ್ದ ಸಾಮಾನ್ಯವಾಗಿ ೨ರಿಂದ ೪ ಮೀಟರು; ಇನ್ನೂ ಹೆಚ್ಚಾಗಿ ಬೆಳೆಯುವುದೂ ಉಂಟು. ಅದರ ತಲೆ ಗುಂಡುಸೂಜಿಯ ತಲೆಯಷ್ಟು. ಅದರಲ್ಲಿ ನಾಲ್ಕು ಹೀರುಬಟ್ಟಲುಗಳೂ ಎರಡು ಸಾಲು ಕೊಕ್ಕೆಗಳೂ ಇರುತ್ತವೆ. ಇವುಗಳಿಂದ ಅದು ಕರುಳಿನ ಗೋಡೆಯನ್ನು ಹಿಡಿದುಕೊಂಡಿರುತ್ತದೆ. ತಲೆಯ ಹಿಂದಿನಿಂದ ಒಂದಕ್ಕೊಂದು ಪೋಣಿಸಿದಂತೆ ನೂರಾರು ಖಂಡಗಳು ಹುಟ್ಟುತ್ತವೆ. ತುದಿಯ ಖಂಡಗಳು ಬಲಿತು ಮೊಟ್ಟೆಗಳಿಂದ ತುಂಬಿ, ಕಳಚಿಕೊಂಡು, ಮಲದೊಡನೆ ಹೊರಬೀಳುತ್ತವೆ. ಬಲಿತ ಒಂದೊಂದು ಖಂಡದಲ್ಲಿ ಸುಮಾರು ೫೦,೦೦೦ ಮೊಟ್ಟೆಗಳಿರಬಹುದು. ಹುಳುವು ಹಲವು ವರ್ಷ ಬದುಕಿರಬಲ್ಲುದು. ಅದನ್ನು ಹೊತ್ತವನಿಗೆ ಬಹುವೇಳೆ ಯಾವ ನೋವೂ ತೋರುವುದಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿ, ಮಲದಲ್ಲಿ ಬಿಳಿಯ ಚೂರುಗಳು ಕಂಡರೆ ಕಾಣಬಹುದು, ಅಷ್ಟೆ.

ಹೊರಬಿದ್ದ ಮೊಟ್ಟೆಯನ್ನು ಹಂದಿಯು ತಿಂದರೆ, ಮೊಟ್ಟೆಯೊಡೆದು ಆರು ಕೊಕ್ಕೆಗಳುಳ್ಳ ಭ್ರೂಣವು ಹೊರಬಂದು, ಕರುಳಿನ ಗೋಡೆಯನ್ನು ಭೇದಿಸಿ, ರಕ್ತದೊಡನೆ ಸಂಚರಿಸಿ ಮಾಂಸದಲ್ಲಿ ನೆಲಸುತ್ತದೆ. ಅಲ್ಲಿ ಅದು ಸುಮಾರು ಒಂದು ಸೆಂಟಿಮೀಟರಿನ, ನೀರು ತುಂಬಿದ ಕೋಶವಾಗಿ ಬೆಳೆಯುತ್ತದೆ. ಆ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದ ಮನುಷ್ಯನ ಕರುಳಿನಲ್ಲಿ ಕೋಶದೊಳಗಿನ ತಲೆ ಹೊರಚಾಚಿ ಹೊಸ ಲಾಡಿಹುಳುವಾಗುತ್ತದೆ. ಇದು ಪೂರ್ಣವಾದ ಚಕ್ರ.

ಈ ಚಕ್ರದಲ್ಲಿ ಒಂದು ಅಡ್ಡದಾರಿಯುಂಟು, ಕೇಡೆಲ್ಲ ಅಲ್ಲಿದೆ. ಹಂದಿಯು ತಿನ್ನಬೇಕಾದ ಮೊಟ್ಟೆಯನ್ನು ಮನುಷ್ಯನೇ ನುಂಗಿದರೆ, ಭ್ರೂಣವು ಅವನನ್ನೂ ಹಂದಿಯಂತೆಯೇ ಭಾವಿಸಿ, ಅವನ ಮಾಂಸ, ಕಣ್ಣು, ಮಿದುಳುಗಳಲ್ಲಿ ಕೋಶವನ್ನು ಕಟ್ಟುತ್ತದೆ. ಎಂದರೆ, ಮಾಂಸದೊಳಗಿನ ಕೋಶವನ್ನು ತಿಂದವನಿಗೆ ಕರುಳಿನ ಲಾಡಿಹುಳು. ಮಲದೊಳಗಿನ ಮೊಟ್ಟೆಯನ್ನು ನುಂಗಿದವನಿಗೆ ಮಿದುಳಿನ ಕೋಶಕ್ರಿಮಿ. ಈ ಲೇಖನದ ಸಾರವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ. ದನದ ಮಾಂಸದಿಂದ ಬರುವ ‘ಟೀನಿಯಾ ಸ್ಯಾಜಿನೇಟಾ’ ಎಂಬ ಇನ್ನೊಂದು ಲಾಡಿಹುಳುವುಂಟು. ಅದು ಕರುಳಿನಲ್ಲಿ ಬೆಳೆಯುವುದೇ ಹೊರತು ಮನುಷ್ಯನ ಮಿದುಳಿನಲ್ಲಿ ಕೋಶವನ್ನು ಕಟ್ಟುವುದಿಲ್ಲ.

೩. ಶಂಕೆಯೂ ಸಮಾಧಾನವೂ

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ‘ಇದು ಹಂದಿಯ ಮಾಂಸವನ್ನು ತಿನ್ನುವವರ ರೋಗ, ಮಾಂಸವನ್ನೇ ಮುಟ್ಟದವರಿಗೆ ಇದರ ಮಾತೇಕೆ?’ ಎಂದು ಕೇಳುವವರು ನಮ್ಮಲ್ಲಿ ಬಹುಮಂದಿ.

ಸಮಾಧಾನವೇನೆಂದರೆ: ಕೋಶಕ್ರಿಮಿಗೆ ಕಾರಣವು ಮಾಂಸವಲ್ಲ, ಮೊಟ್ಟೆ, ಮೊಟ್ಟೆಯಿರುವುದು ಹಂದಿಯ ಮಾಂಸದಲ್ಲಲ್ಲ, ಲಾಡಿಹುಳುವನ್ನು ಹೊತ್ತ ಮನುಷ್ಯನ ಮಲದಲ್ಲಿ. ಶೌಚಾನಂತರ ಕೈಯನ್ನು ಸರಿಯಾಗಿ ತೊಳೆಯದ ವಾಹಕನು ಮಾಡಿದ ಅಡುಗೆ ಶುದ್ಧ ಶಾಕಾಹಾರವಾಗಿದ್ದರೂ ಅದರ ಮೂಲಕ ಮೊಟ್ಟೆಯು ಉಣ್ಣುವವನ ಬಾಯನ್ನು ಸೇರಬಹುದು. ಇದಕ್ಕೆ ದೃಷ್ಟಾಂತ ಬೇಕಾದರೆ ನ್ಯೂಯಾರ್ಕ್ ನಗರದ ಒಂದು ಸಂಗತಿಯನ್ನು ನೋಡಬಹುದು. ಅಲ್ಲಿನ ಸಾಂಪ್ರದಾಯಿಕ ಯಹೂದ್ಯರಿಗೆ ಹಂದಿಯ ಮಾಂಸವು ಸರ್ವಥಾ ನಿಷಿದ್ಧ. ಆದರೂ ಅವರಲ್ಲಿ ನಾಲ್ವರಿಗೆ ಮಿದುಳಿನ ಕೋಶಕ್ರಿಮಿರೋಗವು ಬಂದುದು ಕಂಡುಬಂದಿತು. ವೈದ್ಯರು ವಿಚಾರಿಸಲಾಗಿ, ಈ ರೋಗವು ಹಬ್ಬಿರುವ ದೇಶಗಳಿಂದ ಬಂದು ಆ ಮನೆಗಳಲ್ಲಿ ಕೆಲಸಕ್ಕಿದ್ದವರಿಂದ ಮೊಟ್ಟೆಗಳು ಬಂದಿರುವುದೇ ಸಂಭಾವ್ಯವೆಂದು ತಿಳಿದು, ೧೯೯೨ರಲ್ಲಿ ಅದನ್ನು ಪ್ರಕಟಿಸಿದರು. ಆ ಕೆಲಸಗಾರರಿಗೂ ತಾವು ವಾಹಕರೆಂಬುದು ತಿಳಿದಿರುವುದು ಸಾಧ್ಯವಿರಲಿಲ್ಲ. ಅವರನ್ನು ದೂಷಿಸುವುದು ಅನ್ಯಾಯ. ವಾಹಕನೇ ತನ್ನ ಹುಳುವಿನ ಮೊಟ್ಟೆಯನ್ನು ತಾನೇ ನುಂಗಿ ಮೊದಲು ರೋಗಿಯಾಗುವುದೂ ಉಂಟು.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಹಂದಿಯ ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನುವವನಿಗೆ ಲಾಡಿಹುಳುವಿನ ಭಯವೂ ಇಲ್ಲ. ಕೊಡಗಿನವರು ಪಂದಿಕರಿಯನ್ನು ಬಹುಹೊತ್ತು ಬೇಯಿಸಿ ಉಣ್ಣುತ್ತಾರೆ; ಅಷ್ಟು ಬೆಂದ ಮಾಂಸದಲ್ಲಿ ಕೋಶಕ್ರಿಮಿಯು ಬದುಕಿರದು. ಘನೀಭವನದಿಂದಲೂ ಅದು ಸಾಯುತ್ತದೆ: ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ನಾಲ್ಕು ದಿನ, ಹದಿನೈದು ಡಿಗ್ರಿ ಕೆಳಗೆ ಮೂರು ದಿನ, ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ ಒಂದು ದಿನ ಇಟ್ಟರೆ ಮಾಂಸದೊಳಗಿನ ಕೋಶಗಳು ನಾಶವಾಗುತ್ತವೆಂದು ಪರೀಕ್ಷೆಯಿಂದ ತಿಳಿದಿದೆ. ಆದಕಾರಣ ಆಹಾರಭೇದವನ್ನು ಮುಂದುಮಾಡಿ ಒಂದು ಜನವರ್ಗದ ಮೇಲೆ ಈ ರೋಗವನ್ನು ಹೊರಿಸುವುದು ಶಾಸ್ತ್ರಕ್ಕೂ ವಿರುದ್ಧ, ನ್ಯಾಯಕ್ಕೂ ವಿರುದ್ಧ.

ಎಲೆಕೋಸಿನ ಮಾತೂ ಹೀಗೆಯೇ. ಎಲೆಕೋಸನ್ನು ತಿಂದರೆ ಮಿದುಳಿಗೆ ಹುಳು ಹತ್ತುವುದೆಂಬ ನಂಬಿಕೆ ನಮ್ಮ ನಗರಗಳಲ್ಲಿ ಹಬ್ಬಿದೆ. ಎಲೆಕೋಸಿನೊಳಗೆ ಕಾಣುವ ಹಸಿರು ಹುಳು ಚಿಟ್ಟೆ ಪತಂಗಗಳ ಮರಿ. ಲಾಡಿಹುಳುವಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಮನುಷ್ಯಮಲದಿಂದ ಕೆಟ್ಟ ನೀರನ್ನು ಹಾಯಿಸಿದಲ್ಲಿ ಯಾವ ಸೊಪ್ಪುತರಕಾರಿಯ ಮೇಲಾದರೂ ಮೊಟ್ಟೆಯು ಅಂಟಿಕೊಂಡಿರಬಹುದು. ಕೋಸಂಬರಿಗೆ ಹಾಕುವ ಕ್ಯಾರೆಟ್ಟು, ಮೇಲೆ ಉದುರಿಸುವ ಹಸಿ ಕೊತ್ತಂಬರಿಸೊಪ್ಪು ಇವೂ ಇದಕ್ಕೆ ಹೊರತಲ್ಲ. ತ್ಯಾಜ್ಯಜಲವನ್ನು ಬೇಸಾಯಕ್ಕೆ ಬಳಸುವಲ್ಲಿ ಒಂದು ಲೀಟರಿಗೆ ಒಂದಕ್ಕಿಂತ ಹೆಚ್ಚು ಕ್ರಿಮಿಯ ಮೊಟ್ಟೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವುದು ಇದಕ್ಕಾಗಿಯೇ. ಬೇಯಿಸಿದ ಎಲೆಕೋಸು ನಿರಪಾಯ. ತೊಳೆಯದ ಹಸಿ ಸೊಪ್ಪು ಶಂಕಾಸ್ಪದ. ದೋಷವಿರುವುದು ತರಕಾರಿಯ ಜಾತಿಯಲ್ಲಲ್ಲ, ನೀರಿನ ಅಶುದ್ಧಿಯಲ್ಲಿ.

೪. ಅಪಸ್ಮಾರ

ಮಿದುಳನ್ನು ಸೇರಿದ ಕೋಶಕ್ರಿಮಿಯು ಬದುಕಿರುವವರೆಗೆ ಬಹುವೇಳೆ ಸುಮ್ಮನಿರುತ್ತದೆ. ದೇಹದ ರಕ್ಷಣಶಕ್ತಿಗೆ ಅದು ತನ್ನನ್ನು ಮರೆಮಾಡಿಕೊಂಡಿರುತ್ತದೆ. ಕೆಲವು ವರ್ಷಗಳ ಮೇಲೆ ಅದು ಸಾಯತೊಡಗಿದಾಗ ಸುತ್ತಲಿನ ಮಿದುಳು ಊದಿಕೊಂಡು, ರೋಗಿಗೆ ಸೆಳವು ಬರುತ್ತದೆ. ಕೆಲವರಿಗೆ ತಲೆನೋವು, ವಾಂತಿ, ದೃಷ್ಟಿದೋಷಗಳೂ ಉಂಟಾಗುತ್ತವೆ. ಮೊಟ್ಟೆಯನ್ನು ನುಂಗಿದ ಕಾಲಕ್ಕೂ ರೋಗವು ತೋರುವ ಕಾಲಕ್ಕೂ ಇಷ್ಟು ಅಂತರವಿರುವುದರಿಂದ ಕಾರಣವನ್ನು ಊಹಿಸುವುದೇ ಕಷ್ಟ. ಭಾರತದಲ್ಲಿ ಸೇವೆಮಾಡಿ ಸ್ವದೇಶಕ್ಕೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಅಪಸ್ಮಾರವು ಹೆಚ್ಚಾಗಿ ಕಂಡುಬಂದು, ಅದಕ್ಕೆ ಕೋಶಕ್ರಿಮಿಯೇ ಕಾರಣವೆಂದು ಅವರ ಸೇನಾವೈದ್ಯರು ೧೯೩೦ರ ದಶಕದಲ್ಲಿ ನಿರ್ಣಯಿಸಿದರು. ಇಂಥ ೪೫೦ ರೋಗಿಗಳ ವೃತ್ತಾಂತವನ್ನು ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಎಂಬುವರು ೧೯೬೧ರಲ್ಲಿ ಪ್ರಕಟಿಸಿದರು. ಅಪಾಯವು ಭಾರತದಲ್ಲಿ ತಗುಲಿ, ಫಲವು ಇಂಗ್ಲೆಂಡಿನಲ್ಲಿ ತೋರಿದುದಕ್ಕೆ ಈ ದೀರ್ಘವಾದ ಮೌನವೇ ಕಾರಣ.

ನಮ್ಮ ನಾಡಿನ ಲೆಕ್ಕವನ್ನು ನೋಡೋಣ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಒಟ್ಟು ೧,೦೨,೫೫೭ ಜನರನ್ನು ಸಮೀಕ್ಷಿಸಿ, ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಾವಿರಕ್ಕೆ ೮.೮ ಮಂದಿಗೆ ಅಪಸ್ಮಾರವಿದ್ದುದು ಅದರಿಂದ ತಿಳಿಯಿತು. ನಗರದಲ್ಲಿ ಈ ಸಂಖ್ಯೆ ೫.೭, ಹಳ್ಳಿಯಲ್ಲಿ ೧೧.೯. ಅಪಸ್ಮಾರಕ್ಕೆ ಕಾರಣಗಳು ಅನೇಕ. ಅವೆಲ್ಲವನ್ನೂ ಕ್ರಿಮಿಯ ಮೇಲೆ ಹಾಕಲಾಗದು. ಆದರೆ ನೆರೆಯ ವೆಲ್ಲೂರು ಜಿಲ್ಲೆಯಲ್ಲಿ ಅಲ್ಲಿನ ಕ್ರೈಸ್ತ ವೈದ್ಯಕೀಯ ಕಾಲೇಜಿನವರು ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಅಪಸ್ಮಾರವಿದ್ದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಕೋಶಕ್ರಿಮಿಯ ಗುರುತು ಸಿಕ್ಕಿತು. ಇದೇ ಕಾಲೇಜಿನ ವೈದ್ಯರು ೧೯೮೯ರಲ್ಲಿ ಇನ್ನೊಂದು ಭ್ರಾಂತಿಯನ್ನು ಕಳೆದಿದ್ದರು. ಅಪಸ್ಮಾರರೋಗಿಗಳ ಮಿದುಳಿನ ಛಾಯಾಚಿತ್ರಗಳಲ್ಲಿ ಕಾಣುತ್ತಿದ್ದ ಒಂದೇ ಒಂದು ಸಣ್ಣ ಕಲೆಯನ್ನು ಅದುವರೆಗೆ ಕ್ಷಯದ ಗಂಟೆಂದು ಬಗೆದು ಚಿಕಿತ್ಸೆ ಮಾಡುತ್ತಿದ್ದುದುಂಟು. ಅವರು ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿ, ಬಹುಪಾಲು ಕೋಶಕ್ರಿಮಿಯೇ ಎಂದು ತೋರಿಸಿದರು. ಹೆಸರು ತಪ್ಪಿದರೆ ಔಷಧವೂ ತಪ್ಪುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಇನ್ನು ಈ ರೋಗಕ್ಕೂ ಕೈಗಾರಿಕಾವಲಯಕ್ಕೂ ಏನು ಸಂಬಂಧವೆಂಬುದನ್ನು ಹೇಳುವೆವು. ೧೯೭೦ರ ದಶಕದಲ್ಲಿ ನ್ಯೂಗಿನಿ ದ್ವೀಪದ ಪಶ್ಚಿಮಭಾಗದಲ್ಲಿ, ಸರೋವರಗಳ ಸುತ್ತ ವಾಸಿಸುವ ಏಕಾರಿ ಎಂಬ ಜನರಲ್ಲಿ ಘೋರವಾದ ಸುಟ್ಟಗಾಯಗಳು ಒಮ್ಮೆಗೇ ಹೆಚ್ಚಿದುವು. ವಿಚಾರಿಸಿದಾಗ, ಹೊರಗಿನಿಂದ ತಂದ ಹಂದಿಗಳೊಡನೆ ಈ ಕ್ರಿಮಿಯು ಆ ನಾಡನ್ನು ಹೊಕ್ಕಿದ್ದಿತೆಂದೂ, ಚಳಿಯ ರಾತ್ರಿಯಲ್ಲಿ ಒಲೆಯ ಬಳಿ ಮಲಗಿದವರು ಸೆಳವು ಬಂದು ಬೆಂಕಿಗೆ ಬೀಳುತ್ತಿದ್ದರೆಂದೂ ತಿಳಿದುಬಂದಿತು. ಕ್ರಿಮಿಯು ತಾನಾಗಿ ಕೊಲ್ಲದಿದ್ದರೂ ಮನುಷ್ಯನು ನಿಂತ ಸ್ಥಳವು ಅವನನ್ನು ಕೊಲ್ಲಬಹುದು. ಪೀಣ್ಯದಲ್ಲಿ ತಿರುಗುವ ಲೇತಿನ ಮುಂದೆ, ಒತ್ತುಯಂತ್ರದ ಕೆಳಗೆ, ಕುಲುಮೆಯ ಬಾಯಲ್ಲಿ ದುಡಿಯುವವನಿಗೆ ಬರುವ ಮೊದಲನೆಯ ಸೆಳವು ಏಕಾರಿಗಳ ಒಲೆಗಿಂತ ಕಡಮೆಯ ಅಪಾಯವಲ್ಲ. ವೈಟ್‌ಫೀಲ್ಡಿನ ಎತ್ತರದ ಕಟ್ಟಡಗಳ ಸಾರುವೆಯ ಮೇಲೆ ನಿಂತವನದೂ, ಎಲೆಕ್ಟ್ರಾನಿಕ್ ಸಿಟಿಯ ರಾತ್ರಿಪಾಳಿಗೆ ವಾಹನವನ್ನು ನಡೆಸುವವನದೂ ಇದೇ ಸ್ಥಿತಿ. ರೋಗವು ಗೊತ್ತಾದ ಮೇಲೆ ಕೆಲಸವು ಹೋದೀತೆಂಬ ಭಯದಿಂದ ಅದನ್ನು ಮುಚ್ಚಿಡುವವರುಂಟು. ಮುಚ್ಚಿಟ್ಟಷ್ಟೂ ಅಪಾಯ ಹೆಚ್ಚು.

ಅಪಸ್ಮಾರಕ್ಕೆ ಅಂಟಿರುವ ಅಪಕೀರ್ತಿಯೂ ಇದಕ್ಕೆ ಕಾರಣ. ಹಿಂದೂ ವಿವಾಹದ ಶಾಸನದಲ್ಲಿ ಅಪಸ್ಮಾರವನ್ನು ವಿವಾಹಕ್ಕೆ ಬಾಧಕವೆಂದು ಹೇಳಿದ್ದ ಮಾತನ್ನು ೧೯೯೯ರ ತಿದ್ದುಪಡಿಯಿಂದ ತೆಗೆದುಹಾಕಲಾಯಿತು. ಶಾಸನದಿಂದ ಹೋದ ಮಾತು ಜನರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಸೆಳವು ಬಂದವನ ಕೈಗೆ ಕಬ್ಬಿಣವನ್ನು ಕೊಡುವುದು, ಮೂಗಿಗೆ ಈರುಳ್ಳಿಯನ್ನೋ ಪಾದರಕ್ಷೆಯನ್ನೋ ಹಿಡಿಯುವುದು ಇವುಗಳಿಂದ ಏನೂ ಪ್ರಯೋಜನವಿಲ್ಲ. ಅವನನ್ನು ಯಂತ್ರದಿಂದಲೂ ಬೆಂಕಿಯಿಂದಲೂ ದೂರ ಸರಿಸಿ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಲ್ಲಿ ಏನನ್ನೂ ತುರುಕದೆ ಕಾದು, ಸೆಳವು ಐದು ನಿಮಿಷವನ್ನು ಮೀರಿದರೆ ಆಸ್ಪತ್ರೆಗೆ ಒಯ್ಯತಕ್ಕದ್ದು.

೫. ಪ್ರಯೋಗಶಾಲೆಯ ವಿಧಿನಿಷೇಧಗಳು

ಬೆಂಗಳೂರಿನ ಈ ವಲಯಗಳಲ್ಲಿ ರಕ್ತ ಮಲಗಳನ್ನು ಪರೀಕ್ಷಿಸುವ ಸಣ್ಣ ಪ್ರಯೋಗಶಾಲೆಗಳು ಬೀದಿಬೀದಿಗೆ ಇವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜೈವಿಕ ತಂತ್ರಜ್ಞಾನದ ದೊಡ್ಡ ಶೋಧನಾಲಯಗಳೂ ಇವೆ. ಲಾಡಿಹುಳುವಿನ ಮಾದರಿಯು ಎಲ್ಲಿ ಬೇಕಾದರೂ ಬರಬಹುದು. ಅದನ್ನು ನಿರ್ವಹಿಸುವವರು ತಿಳಿಯಬೇಕಾದ ಮೊದಲನೆಯ ಅಂಶವೆಂದರೆ, ಅಪಾಯವು ಯಾವ ಮಾದರಿಯಲ್ಲಿ ಎಷ್ಟೆಂಬ ತಾರತಮ್ಯ.

ಮಲದ ಮಾದರಿಯೂ ಹುಳುವಿನ ಬಲಿತ ಖಂಡಗಳೂ ಅತ್ಯಂತ ಅಪಾಯಕಾರಿ. ಏಕೆಂದರೆ ಅವುಗಳಲ್ಲಿ ಮೊಟ್ಟೆಗಳಿರುತ್ತವೆ. ಬೇರೆ ಕೆಲವು ಹುಳುಗಳ ಮೊಟ್ಟೆಯು ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆ ಮಾತ್ರ ರೋಗವನ್ನು ತರುತ್ತದೆ. ಇದಾದರೋ ಹೊರಬಿದ್ದ ಕ್ಷಣದಿಂದಲೇ ರೋಗಕಾರಿ. ಹಂದಿಯ ಮಾಂಸದಿಂದ ತೆಗೆದ ಕೋಶಗಳಲ್ಲಿ ಮೊಟ್ಟೆಗಳಿಲ್ಲ. ಅವನ್ನು ನುಂಗಿದರೆ ಲಾಡಿಹುಳುವಾದೀತೇ ಹೊರತು ಮುಟ್ಟಿದ ಮಾತ್ರಕ್ಕೆ ಮಿದುಳಿಗೆ ಕೇಡಿಲ್ಲ. ರೋಗಿಯ ರಕ್ತದಲ್ಲಿಯೂ ಮೊಟ್ಟೆಯಿರದು. ಆದರೆ ರಕ್ತದಿಂದ ಹರಡುವ ಇತರ ರೋಗಗಳ ಭಯವಿರುವುದರಿಂದ ಅಲ್ಲಿ ಬೇರೆಯ ಎಚ್ಚರಿಕೆಗಳು ಅಗತ್ಯ.

ಎರಡನೆಯದಾಗಿ, ಹಂದಿಯ ಲಾಡಿಹುಳುವಿನ ಮೊಟ್ಟೆಗೂ ದನದ ಲಾಡಿಹುಳುವಿನ ಮೊಟ್ಟೆಗೂ ಸೂಕ್ಷ್ಮದರ್ಶಕದಲ್ಲಿ ಭೇದವು ಕಾಣದು. ಬಲಿತ ಖಂಡದ ಗರ್ಭಾಶಯಕ್ಕೆ ಮಸಿಯನ್ನು ತುಂಬಿ ಅದರ ಕವಲುಗಳನ್ನು ಎಣಿಸಿದರೆ, ಹಂದಿಯದರಲ್ಲಿ ಪ್ರತಿಯೊಂದು ಪಕ್ಕಕ್ಕೆ ೭ರಿಂದ ೧೩, ದನದದರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಎಂದು ಬೇರ್ಪಡಿಸಬಹುದು. ಆದರೆ ಆ ಎಣಿಕೆಗೆ ಮೊದಲೇ ಖಂಡವನ್ನು ಮುಟ್ಟಬೇಕಾಗುತ್ತದೆ. ಆದಕಾರಣ, ನಿರ್ಣಯವಾಗುವವರೆಗೆ ಯಾವ ಲಾಡಿಹುಳುವನ್ನಾದರೂ ಹಂದಿಯ ಲಾಡಿಹುಳುವೆಂದೇ ಭಾವಿಸತಕ್ಕದ್ದು. ಸಂದೇಹದಲ್ಲಿ ಗುರುಪಕ್ಷವನ್ನು ಹಿಡಿಯುವುದೇ ಇಲ್ಲಿ ನ್ಯಾಯ.

ಮೂರನೆಯದು ಆಚಾರ. ಈ ಮೊಟ್ಟೆಯು ಗಾಳಿಯಲ್ಲಿ ಉಸಿರಿನೊಡನೆ ಹರಡುವಂಥದಲ್ಲ. ಅದು ಹೋಗುವ ದಾರಿ ಕೈಯಿಂದ ಬಾಯಿಗೆ. ಆದ್ದರಿಂದ ಜೈವಿಕ ಸುರಕ್ಷತೆಯ ಎರಡನೆಯ ಹಂತದ ನಿಯಮಗಳು ಇದಕ್ಕೆ ಸಾಕಾಗುತ್ತವೆ. ಆದರೆ ಅವನ್ನು ಲೋಪವಿಲ್ಲದೆ ಆಚರಿಸಬೇಕು. ಕೈಗವಸು, ಮೇಲಂಗಿ, ಮುಚ್ಚಿದ ಪಾದರಕ್ಷೆ ಇವಿಲ್ಲದೆ ಮಾದರಿಯನ್ನು ಮುಟ್ಟಬಾರದು. ಪ್ರಯೋಗಶಾಲೆಯೊಳಗೆ ಉಣ್ಣುವುದು, ಕಾಫಿ ಕುಡಿಯುವುದು, ಎಲೆಯಡಕೆ ಹಾಕುವುದು, ಲೇಖನಿಯನ್ನು ಬಾಯಲ್ಲಿ ಕಚ್ಚುವುದು ಇವೆಲ್ಲ ನಿಷಿದ್ಧ. ದ್ರವವನ್ನು ಕೊಳವೆಯಿಂದ ಬಾಯಲ್ಲಿ ಹೀರುವುದು ಸರ್ವಥಾ ಕೂಡದು. ಉಗುರುಗಳನ್ನು ಕತ್ತರಿಸಿಕೊಂಡಿರಬೇಕು. ಕೈಗವಸನ್ನು ತೊಟ್ಟ ಕೈಯಿಂದ ಬಾಗಿಲಿನ ಹಿಡಿಯನ್ನೂ ಕೈಫೋನನ್ನೂ ಮುಟ್ಟಬಾರದು. ಖಂಡಗಳನ್ನು ಚಿಮುಟದಿಂದಲೇ ಎತ್ತಬೇಕು. ಗಾಜಿನ ಪಟ್ಟಿಗಳ ನಡುವೆ ಒತ್ತುವಾಗ ಮೊಟ್ಟೆಗಳು ಅಂಚಿನಿಂದ ಚಿಮ್ಮುವುದುಂಟು. ಮಲವನ್ನು ನೀರಿನಲ್ಲಿ ಕದಡಿ ತಿರುಗುಯಂತ್ರದಲ್ಲಿಡುವಾಗ ಕೊಳವೆಗಳ ಬಾಯಿ ಬಿಗಿಯಾಗಿರಬೇಕು. ಹನಿಗಳು ಸಿಡಿಯುವ ಕೆಲಸವನ್ನು ಸುರಕ್ಷತಾಪೆಟ್ಟಿಗೆಯೊಳಗೆ ಮಾಡುವುದು ಉತ್ತಮ. ಔಷಧ ಕೊಟ್ಟ ಮೇಲೆ ಹೊರಬಂದ ಹುಳುವಿನ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಅದರ ಖಂಡಗಳು ಒಡೆದು ಮೊಟ್ಟೆಗಳು ಚೆಲ್ಲಿರಬಹುದು.

ನಾಲ್ಕನೆಯದು ಶುದ್ಧಿ. ಈ ಮೊಟ್ಟೆಯ ಹೊರಕವಚ ದಪ್ಪವಾದುದು. ಅನೇಕ ಬ್ಯಾಕ್ಟೀರಿಯಗಳನ್ನು ಕ್ಷಣದಲ್ಲಿ ಕೊಲ್ಲುವ ಮದ್ಯಸಾರದ ಹಸ್ತದ್ರವವನ್ನು ಇದರ ವಿಷಯದಲ್ಲಿ ನೆಚ್ಚಲಾಗದು. ಸೋಪು ಮತ್ತು ಹರಿಯುವ ನೀರಿನಿಂದ ಉಗುರಿನ ಸಂದಿಗಳವರೆಗೆ ಉಜ್ಜಿ ತೊಳೆಯುವುದೇ ಸರಿಯಾದ ಉಪಾಯ. ಅದು ಮೊಟ್ಟೆಯನ್ನು ಕೊಲ್ಲದಿದ್ದರೂ ಕೈಯಿಂದ ಕಳೆಯುತ್ತದೆ. ಫಾರ್ಮಲಿನ್ನಿನಲ್ಲಿಟ್ಟ ಮಾದರಿಯನ್ನೂ ನಿರಪಾಯವೆಂದು ಉಪೇಕ್ಷಿಸಬಾರದು. ಮೊಟ್ಟೆಗೆ ನಿಶ್ಚಿತವಾದ ಮೃತ್ಯುವೆಂದರೆ ಶ್ರೇಷ್ಠವಾದ ಶಾಖ. ಆಟೋಕ್ಲೇವ್ ಯಂತ್ರದಲ್ಲಿ ೧೨೧ ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯಲ್ಲಿ ಬೇಯಿಸಿದ ಮೇಲೆಯೇ ಕಸವನ್ನು ಹೊರಹಾಕಬೇಕು. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯನಿರ್ವಹಣೆಯ ನಿಯಮಗಳೂ ಪ್ರಯೋಗಶಾಲೆಯ ಇಂಥ ಕಸವನ್ನು ಅಲ್ಲಿಯೇ ಮೊದಲು ಸಂಸ್ಕರಿಸಿ, ಬಳಿಕ ಹಳದಿ ಚೀಲದಲ್ಲಿ ಕಳುಹಿಸಬೇಕೆಂದು ವಿಧಿಸುತ್ತವೆ.

ಐದನೆಯದು ಆಪದ್ಧರ್ಮ. ಮಾದರಿಯು ಚೆಲ್ಲಿದರೆ ಹೀರುವ ಕಾಗದವನ್ನು ಹಾಕಿ ಎತ್ತಿ, ಆ ಕಾಗದವನ್ನೂ ಆಟೋಕ್ಲೇವಿಗೆ ಹಾಕಿ, ಸ್ಥಳವನ್ನು ಮಾರ್ಜಕದಿಂದ ಚೆನ್ನಾಗಿ ತೊಳೆಯಬೇಕು. ಬಾಯಿಗೆ ಸಿಡಿದರೆ ಕೂಡಲೆ ಉಗುಳಿ, ಬಾಯಿ ಮುಕ್ಕಳಿಸಿ, ಮೇಲಿನವರಿಗೆ ತಿಳಿಸಿ, ವೈದ್ಯನನ್ನು ಕಾಣಬೇಕು. ಸಂಗತಿಯನ್ನು ದಿನಾಂಕದೊಡನೆ ಬರೆದಿಡಬೇಕು. ರೋಗವು ವರ್ಷಗಳ ಮೇಲೆ ತೋರುವಂಥದಾದುದರಿಂದ ಈ ಬರೆಹವೇ ಮುಂದೆ ವೈದ್ಯನಿಗೆ ಸಾಕ್ಷಿ.

ಇವೆಲ್ಲಕ್ಕೂ ಮಿಗಿಲಾದುದು ಒಂದುಂಟು. ಪ್ರಯೋಗಶಾಲೆಯಲ್ಲಿ ಬಟ್ಟಲುಗಳನ್ನು ತೊಳೆಯುವವರೂ ನೆಲವನ್ನು ಒರಸುವವರೂ ಕಸವನ್ನು ಹೊರುವವರೂ ಈ ಮೊಟ್ಟೆಗಳಿಗೆ ಶೋಧಕನಷ್ಟೇ, ಕೆಲವೊಮ್ಮೆ ಅವನಿಗಿಂತ ಹೆಚ್ಚಾಗಿ, ಸಮೀಪವಾಗಿರುತ್ತಾರೆ. ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಅಚ್ಚುಹಾಕಿಸಿ ಅಂಟಿಸಿದ ವಿಧಿಗಳು ಅವರ ಪಾಲಿಗೆ ಇಲ್ಲದಂತೆಯೇ. ಎಚ್ಚರಿಕೆಯ ಮಾತು ಕನ್ನಡದಲ್ಲಿಯೂ, ಕೆಲಸಗಾರನ ನುಡಿ ಬೇರೆಯಾದರೆ ಆ ನುಡಿಯಲ್ಲಿಯೂ ಇರಬೇಕು. ಭಾಷೆಯನ್ನು ಬಲ್ಲವರು ಇಲ್ಲಿ ವೈದ್ಯರಿಗೆ ನೆರವಾಗಬಹುದು.

೬. ನಿದಾನಪರಿವರ್ಜನ

ಕ್ರಿಮಿಚಿಕಿತ್ಸೆಯನ್ನು ಚರಕನು ಮೂರು ಬಗೆಯಾಗಿ ಹೇಳುತ್ತಾನೆ: ಕ್ರಿಮಿಯನ್ನು ಹೊರತೆಗೆಯುವ ಅಪಕರ್ಷಣ, ಅದು ಬೆಳೆಯುವ ನೆಲೆಯನ್ನು ಕೆಡಿಸುವ ಪ್ರಕೃತಿವಿಘಾತ, ರೋಗಕ್ಕೆ ಕಾರಣವಾದುದನ್ನು ಬಿಡುವ ನಿದಾನಪರಿವರ್ಜನ. ಆತನ ಕಾಲದ ಔಷಧಗಳು ಬೇರೆ, ನಮ್ಮ ಕಾಲದವು ಬೇರೆ. ಆದರೆ ಈ ವಿಭಾಗವು ಇಂದಿಗೂ ಉಪಯುಕ್ತವಾಗಿದೆ.

ಅಪಕರ್ಷಣಕ್ಕೆ ಈಗ ನಿಕ್ಲೋಸಮೈಡ್, ಪ್ರಾಜಿಕ್ವಾಂಟೆಲ್ ಎಂಬ ಔಷಧಗಳಿವೆ. ಕರುಳಿನ ಲಾಡಿಹುಳುವು ಇವುಗಳಿಂದ ಸುಲಭವಾಗಿ ಹೋಗುತ್ತದೆ. ಮಿದುಳಿನ ಕೋಶಕ್ರಿಮಿಯ ಚಿಕಿತ್ಸೆಯಾದರೋ ಸೂಕ್ಷ್ಮವಾದುದು. ಅಲ್ಬೆಂಡಜೋಲನ್ನು ಕೊಟ್ಟು ಕೋಶವನ್ನು ಕೊಂದರೆ ಸುತ್ತಲೂ ಊತವು ಹೆಚ್ಚಿ ಕೇಡಾಗಬಹುದು. ಕಣ್ಣಿನಲ್ಲಿ ಕೋಶವಿದ್ದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ತಜ್ಞರು ಮೊದಲು ಮಿದುಳಿನ ಚಿತ್ರವನ್ನೂ ಕಣ್ಣನ್ನೂ ನೋಡಿ, ಊತವನ್ನು ತಗ್ಗಿಸುವ ಔಷಧವನ್ನೂ ಸೆಳವಿನ ಔಷಧವನ್ನೂ ಜೊತೆಗೆ ಕೊಡುತ್ತಾರೆ. ೨೦೧೫ರಿಂದ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಮಾತ್ರೆಯು ಮಣ್ಣಿನಿಂದ ಬರುವ ದುಂಡುಹುಳು, ಕೊಕ್ಕೆಹುಳು ಮೊದಲಾದುವುಗಳಿಗಾಗಿ. ಅದು ಒಳ್ಳೆಯ ಕ್ರಮವೇ ಆದರೂ ಸೆಳವಿರುವವನು ಅದನ್ನು ನೆಚ್ಚಿ ಸ್ವಚಿಕಿತ್ಸೆ ಮಾಡಿಕೊಳ್ಳಬಾರದು.

ಪ್ರಕೃತಿವಿಘಾತವೆಂದರೆ ಹಂದಿಯಲ್ಲಿ ಕೋಶವು ಬೆಳೆಯದಂತೆ ಮಾಡುವುದು. ಹಂದಿಗಳಿಗೆ ಹಾಕುವ ಲಸಿಕೆಯೊಂದನ್ನು ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದವರು ಕಂಡುಹಿಡಿದು, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯವರು ತಯಾರಿಸಿದ್ದಾರೆ. ಹಂದಿಗಳನ್ನು ಬೀದಿಗೆ ಬಿಡದೆ ಕೊಟ್ಟಿಗೆಯಲ್ಲಿ ಸಾಕುವುದೂ, ಪರೀಕ್ಷಿಸದ ಮಾಂಸವನ್ನು ಮಾರದಿರುವುದೂ ಇದರಲ್ಲಿ ಸೇರುತ್ತವೆ.

ನಿದಾನಪರಿವರ್ಜನವೇ ಮೂರರಲ್ಲಿ ಮುಖ್ಯ. ಇಲ್ಲಿ ನಿದಾನವೆಂದರೆ ಮನುಷ್ಯಮಲವು ಆಹಾರವನ್ನೂ ನೀರನ್ನೂ ಸೇರುವುದು. ಕಟ್ಟಡದ ಕೆಲಸ ನಡೆಯುವಲ್ಲಿ ಸಾವಿರ ಜನರಿಗೆ ಬೇಕಾದಷ್ಟು ಶೌಚಾಲಯವೂ ನೀರೂ ಸೋಪೂ ಇಲ್ಲದಿದ್ದರೆ, ಅಲ್ಲಿನವರ ಕೈ ಶುದ್ಧವಾಗಿರಲೆಂದು ಉಪದೇಶಿಸುವುದು ಹಾಸ್ಯಾಸ್ಪದ. ಆಹಾರವನ್ನು ತಯಾರಿಸುವವರನ್ನು ವರ್ಷಕ್ಕೊಮ್ಮೆ ವೈದ್ಯರು ಪರೀಕ್ಷಿಸಬೇಕೆಂದು ೨೦೧೧ರ ಆಹಾರಸುರಕ್ಷತೆಯ ನಿಯಮಗಳು ಹೇಳುತ್ತವೆ. ಕಾರ್ಖಾನೆಯ ಊಟದ ಮನೆಗಳಲ್ಲಿಯೂ ವಸತಿಗೃಹಗಳ ಅಡುಗೆಮನೆಗಳಲ್ಲಿಯೂ ಈ ಪರೀಕ್ಷೆ ಕಾಗದದ ಮೇಲೆ ಮಾತ್ರವಾಗದೆ, ಮಲಪರೀಕ್ಷೆಯನ್ನೂ ಒಳಗೊಂಡು ನಡೆಯಬೇಕು. ಒಂದು ಸಲದ ಪರೀಕ್ಷೆಯಲ್ಲಿ ಮೊಟ್ಟೆಯು ಕಾಣದೆ ಹೋಗಬಹುದಾದುದರಿಂದ ಬೇರೆಬೇರೆ ದಿನಗಳಲ್ಲಿ ಮತ್ತೆ ನೋಡಬೇಕು. ಹುಳುವಿರುವ ಅಡುಗೆಯವನನ್ನು ಕೆಲಸದಿಂದ ತೆಗೆಯುವುದು ಪರಿಹಾರವಲ್ಲ. ಒಂದು ಗುಳಿಗೆಯಲ್ಲಿ ಅವನ ಹುಳುವು ಹೋಗುತ್ತದೆ, ಅವನ ಜೀವನೋಪಾಯವೂ ಉಳಿಯುತ್ತದೆ. ಶಿಕ್ಷೆಯ ಭಯವಿರುವಲ್ಲಿ ಯಾರೂ ಪರೀಕ್ಷೆಗೆ ಮುಂದೆ ಬರಲಾರರು.

ಅಧ್ಯಾಪಕರು ಮಾಡಬಹುದಾದ ಕೆಲಸವು ಇದರಿಂದ ಸ್ಪಷ್ಟವಾಗುತ್ತದೆ. ಮಾಂಸದಿಂದ ಬರುವುದು ಕರುಳಿನ ಹುಳು, ಮಲದಿಂದ ಬರುವುದು ಮಿದುಳಿನ ಕೋಶ ಎಂಬ ಭೇದವನ್ನು ಮಕ್ಕಳಿಗೆ ಸರಳವಾದ ಕನ್ನಡದಲ್ಲಿ ಕಲಿಸಬೇಕು. ಎಲೆಕೋಸನ್ನು ದೂಷಿಸುವ, ಹಂದಿಮಾಂಸ ತಿನ್ನುವವರನ್ನು ಹಳಿಯುವ, ಸೆಳವು ಬಂದವರನ್ನು ದೂರವಿಡುವ ಮಾತುಗಳನ್ನು ತರಗತಿಯಲ್ಲಿ ನಿಲ್ಲಗೊಡಬಾರದು. ಊಟಕ್ಕೆ ಮೊದಲು ಸೋಪಿನಿಂದ ಕೈತೊಳೆಯುವ ಪಾಠಕ್ಕೆ ಕಾರಣವನ್ನೂ ಕೂಡಿಸಿ ಹೇಳಿದರೆ ಅದು ಬರಿಯ ಆಚಾರವಾಗದೆ ಅರಿವಾಗುತ್ತದೆ. ಪೀಣ್ಯದ ಯಾವುದೋ ಶಾಲೆಯಲ್ಲಿ ಇದನ್ನು ಕಲಿತ ಹುಡುಗಿಯೊಬ್ಬಳು ತನ್ನ ತಂದೆಯ ಮೊದಲನೆಯ ಸೆಳವನ್ನು ದೆವ್ವದ ಕಾಟವೆನ್ನದೆ ಆಸ್ಪತ್ರೆಯ ದಾರಿಯನ್ನು ತೋರಿಸಿದಳಾದರೆ, ಒಂದು ಶಬ್ದವನ್ನು ಸರಿಯಾಗಿ ಬಳಸಿದ ಫಲವು ಅಲ್ಲಿಗೆ ಸಂದಂತಾಯಿತು.